ಕಂಡುದೂ ಕೇಳಿದುದೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಸಿ.ಎಸ್. ಪುರದಲ್ಲಿ ನೆರೆದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ದಿನ ನನಗೆ ಒಪ್ಪಿಸಿರುವ ವಿಷಯವು ಷಟ್‌ಸ್ಥಲದಂತೆಯೂ ಅಷ್ಟಾವರಣದಂತೆಯೂ ಗ್ರಂಥಗಳಲ್ಲಿ ಪ್ರಕರಣ ಕಟ್ಟಿ ನಿರೂಪಿಸಲ್ಪಟ್ಟುದಲ್ಲ. ಒಬ್ಬ ಮನುಷ್ಯನು ಎಂಥವನೆಂದು ನಿಶ್ಚಯಿಸುವಾಗ ನಾವು ನಮ್ಮ ಕಣ್ಣನ್ನು ನಂಬಬೇಕೋ, ಪರರ ನುಡಿಯನ್ನು ನಂಬಬೇಕೋ ಎಂಬುದೇ ಆ ವಿಷಯ. ಇದೇನು ಅಷ್ಟು ದೊಡ್ಡ ಪ್ರಶ್ನೆಯೇ ಎಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ಹೆಣ್ಣು ತರುವಾಗ, ಗಂಡು ಹುಡುಕುವಾಗ, ತೆಂಗಿನ ತೋಟವನ್ನು ಗುತ್ತಿಗೆಗೆ ಬಿಡುವಾಗ, ಕೈಗಡ ಕೊಡುವಾಗ, ಊರಿಗೆ ಹೊಸದಾಗಿ ಬಂದ ಸಂಸಾರವನ್ನು ಮನೆಯೊಳಗೆ ಕರೆಯುವಾಗ ನಾವು ದಿನದಿನವೂ ಈ ಪ್ರಶ್ನೆಗೆ ಉತ್ತರ ಕೊಡುತ್ತಲೇ ಇರುವೆವು. ಉತ್ತರ ಕೊಡುತ್ತಿರುವೆವೆಂಬ ಎಚ್ಚರವಿಲ್ಲದೆ ಕೊಡುತ್ತಿರುವೆವು. ಆ ಉತ್ತರದಿಂದ ಒಬ್ಬರ ಬಾಳು ನಿಲ್ಲುವುದೂ ಉಂಟು, ಮುರಿಯುವುದೂ ಉಂಟು.

ಪಾಠಶಾಲೆಯಲ್ಲಿ ತರ್ಕವನ್ನು ಓದತೊಡಗುವ ಬಾಲಕನಿಗೆ ಮೊದಲು ಹೇಳಿಕೊಡುವ ಸಂಗತಿಗಳಲ್ಲಿ ಪ್ರಮಾಣಗಳ ವಿಷಯವೂ ಒಂದು. ಅನ್ನಂಭಟ್ಟನ ತರ್ಕಸಂಗ್ರಹವು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪಿರುವುದು. ಶಬ್ದವೆಂದರೆ ಆಪ್ತನಾದವನ ಮಾತು. ಅದೂ ಪ್ರಮಾಣವೇ. ಆದುದರಿಂದ “ನಾನು ಕಂಡುದನ್ನು ಮಾತ್ರ ನಂಬುವೆನು, ಯಾರ ಮಾತನ್ನೂ ಕೇಳೆನು” ಎನ್ನುವವನು ಧೀರನಂತೆ ತೋರಿದರೂ ವಿಚಾರವಂತನಲ್ಲ. ಕಾಶಿಗೆ ಹೋಗದವನೂ ಕಾಶಿಯುಂಟೆಂದು ನಂಬಿರುವನು. ತಾನು ಹುಟ್ಟಿದ ದಿನವನ್ನು ಯಾರೂ ಕಂಡು ತಿಳಿದವರಲ್ಲ, ತಾಯಿ ಹೇಳಿದುದರಿಂದಲೇ ತಿಳಿದವರು. ಕೇಳಿ ನಂಬುವುದು ದೋಷವಲ್ಲ. ಯಾರಿಂದ ಕೇಳಿದೆವು ಎಂಬುದನ್ನು ವಿಚಾರಿಸದೆ ಇರುವುದೇ ದೋಷ.

ಆಪ್ತನೆಂದರೆ ಯಾರು? ನಮ್ಮ ಆಡುಮಾತಿನಲ್ಲಿ ಆಪ್ತನೆಂದರೆ ಬೇಕಾದವನು, ಹತ್ತಿರದವನು. ಶಾಸ್ತ್ರದಲ್ಲಿ ಆ ಶಬ್ದಕ್ಕೆ ಈ ಅರ್ಥವಿಲ್ಲ. ನ್ಯಾಯಸೂತ್ರಗಳಿಗೆ ಭಾಷ್ಯವನ್ನು ಬರೆದ ವಾತ್ಸ್ಯಾಯನನ ಅಭಿಪ್ರಾಯದಂತೆ, ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಅರಿತವನಾಗಿ, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಹೇಳುವವನು ಆಪ್ತನು. ಅಷ್ಟಕ್ಕೇ ಬಿಡದೆ ಆ ಭಾಷ್ಯಕಾರನು ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸಿರುವನು. ಎಷ್ಟು ಧೈರ್ಯದ ಮಾತು ನೋಡಿರಿ! ಹತ್ತು ಹಳ್ಳಿಗೆ ಹಿರಿಯನಾದ ಯಜಮಾನನಾದರೂ ತಾನು ಕಾಣದ ಸಂಗತಿಯಲ್ಲಿ ಆಪ್ತನಲ್ಲ. ಆ ಸಂಗತಿಯನ್ನು ಕಣ್ಣಾರೆ ಕಂಡ ಕೂಲಿಯವಳು ಆಪ್ತಳು. ನಾವು ನಡೆಯುವ ರೀತಿಯಾದರೋ ಇದಕ್ಕೆ ತಿರುಗುಮುರುಗು. ಹೇಳಿದವನು ದೊಡ್ಡವನಾದರೆ ಅವನು ಕಂಡಿದ್ದನೇ ಎಂದು ಕೇಳಲು ನಮಗೆ ಸಂಕೋಚ. ಕಂಡವನು ಚಿಕ್ಕವನಾದರೆ ಅವನ ಮಾತನ್ನು ಕೇಳಲು ತಾತ್ಸಾರ.

ಆಡನ್ನು ಹೊತ್ತು ಹೋಗುತ್ತಿದ್ದ ಬ್ರಾಹ್ಮಣನ ಕಥೆಯನ್ನು ನೀವೆಲ್ಲರೂ ಬಾಲ್ಯದಲ್ಲಿಯೇ ಕೇಳಿರುವಿರಿ. ದಾರಿಯಲ್ಲಿ ಒಬ್ಬರಾದಮೇಲೊಬ್ಬರಂತೆ ಮೂವರು ಧೂರ್ತರು ಎದುರಾಗಿ, ಹೆಗಲ ಮೇಲಿರುವುದು ನಾಯಿಯೆಂದರು. ಮೂರನೆಯವನು ಹೇಳುವ ಹೊತ್ತಿಗೆ ಆತನು ಆಡನ್ನು ಎಸೆದು ಓಡಿದನು. ಇದನ್ನು ಹೇಳಿಕೊಡುವ ಉಪಾಧ್ಯಾಯರು ಬ್ರಾಹ್ಮಣನು ದಡ್ಡನೆಂದು ಹೇಳಿ ಮುಗಿಸುವರು. ನನಗೆ ಹಾಗೆ ತೋರುವುದಿಲ್ಲ. ಒಬ್ಬನು ಹೇಳಿದಾಗ ಆತನು ನಂಬಲಿಲ್ಲ. ಮೂವರು ಹೇಳಿದಾಗ ನಂಬಿದನು. ಮೂವರ ಸಾಕ್ಷ್ಯವು ಒಬ್ಬನ ಸಾಕ್ಷ್ಯಕ್ಕಿಂತ ಬಲವಾದುದೆಂಬುದು ನ್ಯಾಯಸ್ಥಾನವೂ ಒಪ್ಪುವ ಮಾತು. ಆತನು ತಪ್ಪಿದುದು ಎಣಿಕೆಯಲ್ಲಿ. ಆ ಮೂವರೂ ಮೊದಲೇ ಕೂಡಿ ಮಾತಾಡಿಕೊಂಡವರು. ಬಾಯಿ ಮೂರಾದರೂ ಮಾತು ಒಂದೇ ಆಗಿದ್ದಿತು. ಕೆರೆಯ ಏರಿಯ ಮೇಲೆ ಕೇಳಿದುದನ್ನೇ ಸಂತೆಯಲ್ಲಿ ಕೇಳಿ, ಸಂತೆಯಲ್ಲಿ ಕೇಳಿದುದನ್ನೇ ಗುಡಿಯ ಜಗಲಿಯಲ್ಲಿ ಕೇಳಿ, “ಊರೆಲ್ಲಾ ಹೇಳುತ್ತಿದೆ” ಎಂದು ನಾವು ತೀರ್ಮಾನಿಸುವಾಗ ಮಾಡುವ ಎಣಿಕೆಯೂ ಇಂಥದೇ. ಈಗಂತೂ ಕೈಯೊಳಗಿನ ಮೊಬೈಲಿನಲ್ಲಿ ಒಂದೇ ಮಾತು ಒಂದು ಗಳಿಗೆಯಲ್ಲಿ ನೂರು ಮನೆಗಳಿಗೆ ಹೋಗಿ ನೂರು ಸಾಕ್ಷಿಗಳ ವೇಷವನ್ನು ಧರಿಸಿ ಹಿಂದಿರುಗುವುದು.

ಕಥೆಯ ಧೂರ್ತರಿಗೆ ಆಡಿನ ಮೇಲೆ ಆಸೆಯಿದ್ದಿತು. ನಮ್ಮ ನಡುವೆ ಬಹುಪಾಲು ಅಪವಾದಗಳು ಹುಟ್ಟುವುದಕ್ಕೆ ಧೂರ್ತರೇ ಬೇಕಾಗಿಲ್ಲ. ಇದಕ್ಕೆ ಒಂದು ಸಂಗತಿಯನ್ನು ಹೇಳುವೆನು. ಊರು ಹೆಸರುಗಳನ್ನು ಹೇಳುವುದಿಲ್ಲ, ಕೇಳಬೇಡಿರಿ.

ನಾನು ಪಾಠ ಹೇಳುತ್ತಿದ್ದ ಕಡೆ ಒಬ್ಬ ಹುಡುಗನು ನಾಲ್ಕು ವರ್ಷ ಸಂಸ್ಕೃತವನ್ನು ಓದುತ್ತಿದ್ದನು. ಬುದ್ಧಿ ಸಾಧಾರಣ, ನಡತೆ ಬಂಗಾರ. ಒಂದು ಸಂಜೆ ಅವನ ತಂದೆಗೆ ಕಾಯಿಲೆ ಹೆಚ್ಚಾಗಿದೆಯೆಂದು ಸುದ್ದಿ ಬಂದಿತು. ಹಿರಿಯರ ಅಪ್ಪಣೆಯನ್ನು ಪಡೆದು, ಪುಸ್ತಕಗಳ ಪೆಟ್ಟಿಗೆಯನ್ನು ನನ್ನ ಕೊಠಡಿಯಲ್ಲಿಯೇ ಇರಿಸಿ, ಅವನು ರಾತ್ರಿಯ ಬಸ್ಸಿಗೆ ಹೊರಟನು. ತಂದೆ ಉಳಿಯಲಿಲ್ಲ. ಮನೆಯ ಭಾರ ಮೇಲೆ ಬಿದ್ದು ಹುಡುಗನು ಮರಳಿ ಓದಿಗೆ ಬರಲಿಲ್ಲ. ನಡೆದುದು ಇಷ್ಟೇ. ಮರುದಿನ ಯಾರೋ ಕೇಳಿದುದಕ್ಕೆ ಇನ್ನೊಬ್ಬ ಹುಡುಗನು “ಅವನು ರಾತ್ರಿಯೇ ಹೊರಟುಹೋದನು” ಎಂದನು. ಅದು ಸತ್ಯವೇ. ಕೇಳಿದವನು ತನ್ನ ಊರಿನಲ್ಲಿ “ರಾತ್ರೋರಾತ್ರಿ ಹೊರಟುಹೋದನಂತೆ” ಎಂದನು. ಅಲ್ಲಿಂದ ಮುಂದಿನ ಊರಿಗೆ ಹೋಗುವ ಹೊತ್ತಿಗೆ ಅದು “ಹೇಳದೆ ಕೇಳದೆ ಓಡಿಹೋದನಂತೆ” ಎಂದಾಯಿತು. ಹೇಳದೆ ಓಡಿಹೋದವನು ಬರಿಗೈಯಲ್ಲಿ ಓಡುವನೇ? ನಾಲ್ಕನೆಯ ಊರಿನಲ್ಲಿ ಅವನ ಕೈಯಲ್ಲಿ ಮಠದ ಬೆಳ್ಳಿಯ ಪಾತ್ರೆಯೂ ಬಂದಿತು.

ಇವರಲ್ಲಿ ಒಬ್ಬನೂ ಸುಳ್ಳು ಹೇಳಬೇಕೆಂದು ಹೊರಟವನಲ್ಲ. ಒಬ್ಬೊಬ್ಬನು ಒಂದೊಂದು ಶಬ್ದವನ್ನು ಕೂಡಿಸಿದನು, ಅಷ್ಟೆ. ಮೂರು ವರ್ಷಗಳ ತರುವಾಯ ಒಬ್ಬ ಗೃಹಸ್ಥರು ತಮ್ಮ ಮಗಳಿಗೆ ಆ ಹುಡುಗನನ್ನು ತೆಗೆದುಕೊಳ್ಳಬೇಕೆಂದು ವಿಚಾರಿಸಲು ನನ್ನ ಬಳಿಗೆ ಬಂದರು. ನಾನು ಕಂಡುದನ್ನು ಕಂಡಂತೆ ಹೇಳಿದೆನು. ಪೆಟ್ಟಿಗೆಯನ್ನೂ ತೋರಿಸಿದೆನು. ಅವರು ಕೈಮುಗಿದು, “ಶಾಸ್ತ್ರಿಗಳೇ, ತಾವು ಶಿಷ್ಯನ ಮೇಲಿನ ಅಭಿಮಾನದಿಂದ ಹೇಳುತ್ತಿರುವಿರಿ. ನಾಲ್ಕು ಊರಿನವರು ಸುಳ್ಳು ಹೇಳುವರೇ?” ಎಂದು ಹೊರಟುಹೋದರು. ಆಮೇಲೆ ಇನ್ನೆರಡು ಮನೆಗಳವರೂ ಹಾಗೆಯೇ ಹಿಂದೆಗೆದರು. ಅವರು ನನ್ನಲ್ಲಿಗೆ ಬರಲೂ ಇಲ್ಲ. ಒಂದು ದಿನ ಆ ಹುಡುಗನ ತಾಯಿ ಜಾತಕವನ್ನು ತಂದು, “ಇದರಲ್ಲಿ ಏನು ದೋಷವಿದೆಯೋ ನೋಡಿ ಹೇಳಿರಿ” ಎಂದು ನನ್ನ ಮುಂದೆ ಇಟ್ಟರು. ಜಾತಕದಲ್ಲಿ ದೋಷವಿದ್ದರೆ ಶಾಂತಿ ಮಾಡಿಸಬಹುದಾಗಿದ್ದಿತು.

ಈಗ ಪರೀಕ್ಷೆಯ ಮಾತಿಗೆ ಬರುವೆನು. ಕೊಬ್ಬರಿಯ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಕೈಗೆ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಿಟುಕು ಬಿಟ್ಟಿದೆಯೇ ಇಲ್ಲವೇ ಎಂದು ತಿಳಿಯುವಿರಿ. ಆದರೂ ಕೌಟು ಹಿಡಿದಿದೆಯೇ ಎಂಬುದು ಒಡೆದಲ್ಲದೆ ತಿಳಿಯದು. ತಿಪಟೂರಿನ ವರ್ತಕನು ಪಕ್ಕದ ಮನೆಯವರ ಮಾತು ಕೇಳಿ ಕೊಬ್ಬರಿಗೆ ಬೆಲೆ ಕಟ್ಟುವನೇ? ಒಂದು ಚೀಲ ಕೊಬ್ಬರಿಗೆ ನಾವು ಕೊಡುವ ಗಮನವನ್ನು ಒಬ್ಬ ಮನುಷ್ಯನ ಮಾನಕ್ಕೆ ಕೊಡುವುದಿಲ್ಲವೆಂಬುದು ವಿಚಿತ್ರವಾದರೂ ನಿಜ.

ತುಮಕೂರಿಗೆ ಸಮೀಪದ ಕೈದಾಳವನ್ನು ನಿಮ್ಮಲ್ಲಿ ಅನೇಕರು ನೋಡಿರುವಿರಿ. ಅಲ್ಲಿಯ ಚೆನ್ನಕೇಶವ ದೇವಾಲಯವು 12ನೆಯ ಶತಮಾನದ್ದು. ಆ ಊರಿನೊಂದಿಗೆ ಜಕಣಾಚಾರಿಯ ಐತಿಹ್ಯವು ಹೆಣೆದುಕೊಂಡಿರುವುದು. ಬೇಲೂರಿನಲ್ಲಿ ದೇವರ ಮೂರ್ತಿಯು ಸಿದ್ಧವಾದಾಗ ಅಪರಿಚಿತನಾದ ಒಬ್ಬ ತರುಣನು ಶಿಲೆಯಲ್ಲಿ ದೋಷವಿದೆಯೆಂದನಂತೆ. ಜಕಣಾಚಾರಿಯು ದೋಷ ತೋರಿದರೆ ಬಲಗೈಯನ್ನು ಕಡಿದುಕೊಳ್ಳುವೆನೆಂದು ಪಣ ತೊಟ್ಟನು. ಮೂರ್ತಿಗೆ ಗಂಧವನ್ನು ಲೇಪಿಸಿದರು. ಎಲ್ಲೆಡೆಯೂ ಗಂಧ ಒಣಗಿತು, ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಬಿಡಿಸಿದಾಗ ನೀರೂ ಮರಳೂ ಒಂದು ಕಪ್ಪೆಯೂ ಹೊರಬಂದವು. ಆ ತರುಣನು ಆತನ ಮಗನೇ ಆಗಿದ್ದನೆಂದೂ, ಕಡಿದ ಕೈ ಕೈದಾಳದಲ್ಲಿ ಮರಳಿ ಬಂದಿತೆಂದೂ ಹೇಳುವರು. ಇದು ಐತಿಹ್ಯ, ಇತಿಹಾಸವಲ್ಲ. ಬೇಲೂರಿನ ದೇವಾಲಯವು ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಪ್ರತಿಷ್ಠಿತವಾದುದು. ಅಲ್ಲಿಯ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು ಇಂದಿಗೂ ಕಾಣುವುವು. ಕಲ್ಲು ಹೇಳುವ ಹೆಸರುಗಳು ಬೇರೆ, ನಾಲಗೆ ಹೇಳುವ ಹೆಸರು ಬೇರೆ. ಇದೂ ನಮ್ಮ ವಿಷಯಕ್ಕೆ ಒದಗುವ ಮಾತೇ ಅಲ್ಲವೇ?

ಆದರೂ ಆ ಕಥೆಯಲ್ಲಿ ನನಗೆ ಮೆಚ್ಚಿಗೆಯಾದ ಒಂದು ಅಂಶವಿರುವುದು. ತರುಣನು “ಈ ಶಿಲ್ಪಿ ಅಯೋಗ್ಯ” ಎಂದು ಸಂತೆಯಲ್ಲಿ ಹೇಳಿಕೊಂಡು ತಿರುಗಲಿಲ್ಲ. ಶಿಲ್ಪಿಯ ಎದುರಿಗೆ ನಿಂತು, ಇಂಥ ಸ್ಥಳದಲ್ಲಿ ಇಂಥ ದೋಷವೆಂದು ಬೆರಳಿಟ್ಟು ತೋರಿಸಿದನು. ನೆರೆದವರಾದರೂ ಹೆಸರಾಂತ ಮುದುಕನ ಪಕ್ಷವನ್ನೋ ಹೊಸಬನ ಪಕ್ಷವನ್ನೋ ಹಿಡಿದು ಕೂಗಾಡದೆ ಗಂಧ ಒಣಗುವವರೆಗೆ ಕಾದರು. ಗಂಧ ಒಣಗುವವರೆಗೆ ಕಾಯುವ ತಾಳ್ಮೆ ನಮ್ಮಲ್ಲಿ ಎಷ್ಟು ಜನರಿಗಿರುವುದು?

ಕೈದಾಳಕ್ಕೆ ನೆರೆಯ ಊರು ಗೂಳೂರು. ಶೂನ್ಯಸಂಪಾದನೆಯನ್ನು ಸಂಕಲಿಸಿದ ನಾಲ್ವರಲ್ಲಿ ಕೊನೆಯವರಾದ ಗೂಳೂರು ಸಿದ್ಧವೀರಣ್ಣೊಡೆಯರ ಹೆಸರನ್ನು ಕೇಳದ ಶರಣರಿಲ್ಲ. ಆ ಗ್ರಂಥದಲ್ಲಿ ಮನುಷ್ಯನನ್ನು ಅರಿಯುವ ಬಗೆ ಎಂತಹುದೆಂಬುದಕ್ಕೆ ದೊರೆಯುವ ನಿದರ್ಶನಗಳು ಬೇರೆಲ್ಲಿಯೂ ದೊರೆಯಲಾರವೆಂದು ನಾನು ಧೈರ್ಯವಾಗಿ ಹೇಳುವೆನು. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಸಂದರ್ಭವನ್ನು ನೆನೆಯಿರಿ.

ಆಕೆ ಅರಸನಾದ ಕೌಶಿಕನನ್ನು ತೊರೆದು, ಉಟ್ಟುದನ್ನೂ ತೊರೆದು, ಕೂದಲನ್ನೇ ಮರೆಮಾಡಿಕೊಂಡು ಒಬ್ಬಂಟಿಯಾಗಿ ನಡೆದು ಬಂದವಳು. ಅಂಥ ಹೆಂಗಸನ್ನು ಕುರಿತು ಆ ದಾರಿಯ ಊರುಗಳಲ್ಲಿ ಏನೇನು ಮಾತು ಹುಟ್ಟಿರಬೇಕು! ಇಂದಿನ ದಿನ ಒಬ್ಬ ಹೆಣ್ಣುಮಗಳು ಗಂಡನ ಮನೆಯಿಂದ ಒಂದು ಕೈಚೀಲ ಹಿಡಿದು ತವರಿಗೆ ಬಂದರೆ ನಾವು ಏನೆಲ್ಲಾ ಹೇಳುವೆವೆಂಬುದರಿಂದ ಊಹಿಸಿಕೊಳ್ಳಬಹುದು. ಕಲ್ಯಾಣದ ಶರಣರ ಕಿವಿಗೂ ಅಂಥವು ಬಿದ್ದಿರಲಾರವೇ? ಆಕೆಯ ವೈರಾಗ್ಯದ ಕೀರ್ತಿಯೂ ಬಿದ್ದಿರಬೇಕು. ನಿಂದೆಯನ್ನು ನಂಬಿ ಬಾಗಿಲು ಮುಚ್ಚಬಹುದಾಗಿದ್ದಿತು. ಕೀರ್ತಿಯನ್ನು ನಂಬಿ ಪೂರ್ಣಕುಂಭದೊಂದಿಗೆ ಎದುರುಗೊಳ್ಳಬಹುದಾಗಿದ್ದಿತು. ಅವರು ಎರಡನ್ನೂ ಮಾಡಲಿಲ್ಲ. ಕಿನ್ನರಿ ಬೊಮ್ಮಯ್ಯನು ಮೊದಲು ಆಕೆಯನ್ನು ಪರೀಕ್ಷಿಸಿದನು. ಬಳಿಕ ಅನುಭವಮಂಟಪದಲ್ಲಿ, ಬಸವಣ್ಣ ಚನ್ನಬಸವಣ್ಣರೇ ಮೊದಲಾದವರ ಸಮಕ್ಷಮದಲ್ಲಿ, ಪ್ರಭುದೇವರು ಆಕೆಯನ್ನೇ ಪ್ರಶ್ನಿಸಿದರು. ನಿನ್ನ ಪತಿಯಾರು ಎಂದು ಕೇಳಿದರು. ಎಲ್ಲವನ್ನೂ ತೊರೆದವಳಿಗೆ ಕೂದಲಿನ ಮರೆಯೇಕೆ ಎಂದು ಕೇಳಿದರು. ಪ್ರಶ್ನೆಗಳು ಕಠಿನವಾಗಿದ್ದುವು, ಈಗಿನವರು ಕೆಲವರು ನಿಷ್ಠುರವೆಂದೂ ಹೇಳುವರು. ಇರಬಹುದು. ಆದರೆ ಊರು ಬೆನ್ನ ಹಿಂದೆ ಕೇಳುತ್ತಿದ್ದ ಪ್ರಶ್ನೆಯನ್ನು ಅವರು ಎದುರಿಗೆ ಕೇಳಿದರೆಂಬುದನ್ನು ಮರೆಯಬಾರದು. ಬೆನ್ನ ಹಿಂದಿನ ಪ್ರಶ್ನೆಗೆ ಉತ್ತರ ಕೊಡಲು ಯಾರಿಗೂ ಸಾಧ್ಯವಿಲ್ಲ. ಎದುರಿನ ಪ್ರಶ್ನೆಗೆ ಆಕೆ ಉತ್ತರ ಕೊಟ್ಟಳು. ಆ ಉತ್ತರವನ್ನು ಕೇಳಿ ಪ್ರಭುದೇವರೇ ಆಕೆಯ ಹಿರಿಮೆಯನ್ನು ಕೊಂಡಾಡಿದರು. ಆ ಬಳಿಕವೇ ಆಕೆ ಕಲ್ಯಾಣದವರಿಗೆಲ್ಲ ಅಕ್ಕನಾದಳು.

ಸೊನ್ನಲಿಗೆಯ ಪ್ರಸಂಗವು ಇದಕ್ಕೆ ಇನ್ನೊಂದು ಮುಖ. ಸಿದ್ಧರಾಮನ ಕೀರ್ತಿಯನ್ನು ಕೇಳಿದ ಪ್ರಭುದೇವರು ಕೇಳಿದಷ್ಟಕ್ಕೇ ನಿಲ್ಲದೆ ತಾವೇ ನಡೆದು ಹೋದರು. ಅಲ್ಲಿ ಕೆರೆಯ ಕೆಲಸ ನಡೆದಿದ್ದಿತು. ಸಿದ್ಧರಾಮನನ್ನು ಕುರಿತು ಪ್ರಭುದೇವರು ಆಡಿದ ಹಗುರ ನುಡಿಗೆ ಕೆಲಸಗಾರರು ಕೆರಳಿ ಕಲ್ಲು ಬೀರಿದರು, ತಾಗಲಿಲ್ಲ. ಅವರು ಹೋಗಿ ಸಿದ್ಧರಾಮನಿಗೆ ದೂರಿದರು. ಆತನು ಶಿಷ್ಯರ ಮಾತನ್ನು ಕೇಳಿ ಕೋಪದಿಂದ ಉರಿಯುತ್ತಲೇ ಬಂದನು. ಮಹಾಯೋಗಿಯಾದವನೂ ತನ್ನವರು ಹೇಳಿದುದನ್ನು ಕೇಳಿ ಮೊದಲು ಕೋಪಗೊಂಡನೆಂದು ಗ್ರಂಥವು ಮರೆಮಾಚದೆ ಹೇಳಿರುವುದು ಗಮನಿಸಬೇಕಾದ ಸಂಗತಿ. ಆದರೆ ಆತನು ಬಂದನು. ಮಠದಲ್ಲಿಯೇ ಕುಳಿತು ಶಾಪವನ್ನು ಕಳುಹಿಸಲಿಲ್ಲ. ಬಂದುದರಿಂದ ಕಂಡನು, ಕಂಡುದರಿಂದ ಕೋಪವಿಳಿದು ಎದುರಿಗಿದ್ದವರು ಯಾರೆಂದು ಅರಿತನು. ತನ್ನವರ ಮಾತನ್ನೇ ಪ್ರಮಾಣವೆಂದು ಕುಳಿತಿದ್ದರೆ ಸೊನ್ನಲಿಗೆಯ ಸಿದ್ಧರಾಮನು ಕಲ್ಯಾಣದ ದಾರಿ ಹಿಡಿಯುತ್ತಿದ್ದನೇ?

ಬಸವಣ್ಣನವರ ಮೇಲೆಯೂ ಬಿಜ್ಜಳನಿಗೆ ಚಾಡಿ ಹೇಳಿದವರಿದ್ದರು. ಭಂಡಾರದ ಹಣವನ್ನೆಲ್ಲಾ ಜಂಗಮರಿಗೆ ಸುರಿಯುತ್ತಿರುವನೆಂಬುದು ಆ ದೂರು. ಅರಸನು ಕರೆಸಿ ಕೇಳಿದನು. ಬಸವಣ್ಣನವರು ಎಣಿಸಿ ನೋಡಬೇಕೆಂದರು. ಎಣಿಸಿದಾಗ ಒಂದು ಹಣವೂ ಕಡಮೆಯಾಗಿರಲಿಲ್ಲವೆಂದು ನಮ್ಮ ಪುರಾಣಕಾರರು ಹಾಡಿರುವರು. ಇದನ್ನು ನಾವು ಬಸವಣ್ಣನವರ ಮಹಿಮೆಯೆಂದು ಹೇಳಿ ಹಿಗ್ಗುವೆವು, ಅದು ಸರಿಯೇ. ಬಿಜ್ಜಳನು ದಂಡಿಸುವುದಕ್ಕೆ ಮೊದಲು ಎಣಿಸಿದನೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ಒಂದು ದಿನ ಅರಸನು ಅರಸನಂತೆಯೇ ನಡೆದುಕೊಂಡನು.

ಬಿಜ್ಜಳನ ಮಾತು ಬಂದುದರಿಂದ, ಈ ಸಭೆಗೆ ಸ್ವಲ್ಪ ಕಹಿಯಾದರೂ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುವೆನು. ನಾವು ಬಿಜ್ಜಳನನ್ನು ಅರಿತಿರುವುದು ನಮ್ಮ ಪುರಾಣಗಳಿಂದ. ಜೈನ ಕವಿಗಳು ಬರೆದ ಕೃತಿಗಳಲ್ಲಿ ಬಸವಣ್ಣನವರ ಚಿತ್ರ ಬೇರೆಯಾಗಿಯೂ ಬಿಜ್ಜಳನ ಚಿತ್ರ ಬೇರೆಯಾಗಿಯೂ ಇರುವುದು. ಅವನ್ನು ಓದಿದಾಗ ನಮಗೆ ನೋವಾಗುವುದು. ಪಕ್ಷಪಾತಿಗಳು ಬರೆದುದು ಎನ್ನುವೆವು. ಹಾಗಾದರೆ ಬಿಜ್ಜಳನ ವಿಷಯದಲ್ಲಿ ನಮ್ಮವರು ಬರೆದುದನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಲ್ಲವೇ? ಕಳಚುರ್ಯರ ಧ್ವಜದಲ್ಲಿ ಇದ್ದುದು ಸುವರ್ಣವೃಷಭವೆಂದು ಅವರ ಶಾಸನಗಳೇ ಹೇಳುವುವು. ನಂದಿಯ ಧ್ವಜವನ್ನು ಹಿಡಿದ ಮನೆತನದ ಅರಸನನ್ನು ಶಿವದ್ವೇಷಿಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದಕ್ಕೆ ಮೊದಲು ಶಾಸನಗಳನ್ನು ಓದುವುದು ವಿದ್ಯಾರ್ಥಿಗಳ ಕರ್ತವ್ಯ. ಅವನು ಕೊನೆಗೆ ಮಾಡಿದ ಅನ್ಯಾಯವು ಇದರಿಂದ ನ್ಯಾಯವಾಗುವುದಿಲ್ಲ.

ಬಸವಣ್ಣನವರಿಗೇ ಈ ಗತಿ ತಪ್ಪಲಿಲ್ಲ. ಶಾಸನಶಾಸ್ತ್ರದಲ್ಲಿ ಮಹಾಪಂಡಿತರಾಗಿದ್ದ ಫ್ಲೀಟ್ ಎಂಬ ಇಂಗ್ಲಿಷ್ ವಿದ್ವಾಂಸರು, ಪುರಾಣಗಳು ಹೇಳುವ ಬಸವಣ್ಣನವರ ಹೆಸರು ಶಾಸನಗಳಲ್ಲಿ ಕಾಣುವುದಿಲ್ಲವೆಂದೂ, ಅಬ್ಬಲೂರಿನ ಶಾಸನದಲ್ಲಿ ಬರುವ ಏಕಾಂತದ ರಾಮಯ್ಯನೇ ಆ ಕಾಲದ ಶೈವೋತ್ಥಾನದ ಮೂಲಪುರುಷನಾಗಿರಬೇಕೆಂದೂ ಬರೆದರು. ಅವರನ್ನು ನಮ್ಮವರು ಬಹಳವಾಗಿ ಹಳಿದರು. ನಾನು ಹಳಿಯುವುದಿಲ್ಲ. ಅವರು ಪರರ ಮಾತನ್ನು ನಂಬದೆ ಕಲ್ಲನ್ನು ಓದಿದವರು. ಅವರ ಊನವೆಂದರೆ, ತಮಗೆ ಕಾಣದುದನ್ನು ಇಲ್ಲದುದೆಂದು ಎಣಿಸುವ ಕಡೆಗೆ ವಾಲಿದುದು. ಬಳಿಕ ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನವು ಬೆಳಕಿಗೆ ಬಂದಿತು. ಅದರಲ್ಲಿ ಸಂಗನ ಬಸವನ ಹೆಸರೂ ಆತನ ಮನೆತನದವರ ಪ್ರಸ್ತಾಪವೂ ಇರುವುದು. ಹಳಿದವರ ಕೂಗಿನಿಂದ ಸಂಶಯವು ತೀರಲಿಲ್ಲ, ಹುಡುಕಿದವರ ಶ್ರಮದಿಂದ ತೀರಿತು.

ಇಷ್ಟು ಹೇಳಿದುದರಿಂದ ಕಣ್ಣು ಎಂದಿಗೂ ಮೋಸಮಾಡದೆಂದು ತಿಳಿಯಬಾರದು. ಮುಂಗುಸಿಯ ಬಾಯಲ್ಲಿ ರಕ್ತವನ್ನು ಕಂಡ ತಾಯಿಯು ಯಾರ ಮಾತನ್ನೂ ಕೇಳಿದವಳಲ್ಲ, ತನ್ನ ಕಣ್ಣಿನಿಂದಲೇ ಕಂಡಳು. ರಕ್ತವೂ ನಿಜವಾಗಿಯೇ ಇದ್ದಿತು. ಅದು ಹಾವಿನ ರಕ್ತವೆಂಬುದನ್ನು ತಿಳಿಯಲು ತೊಟ್ಟಿಲಿನವರೆಗೆ ಹತ್ತು ಹೆಜ್ಜೆ ನಡೆಯಬೇಕಾಗಿದ್ದಿತು. ಆ ಹತ್ತು ಹೆಜ್ಜೆಗೆ ಮೊದಲೇ ಮುಂಗುಸಿ ಸತ್ತಿದ್ದಿತು. ಒಂದು ಸಲ ಕಂಡುದು ಕಾಣುವುದಲ್ಲ. ಒಬ್ಬನು ಒಂದು ದಿನ ಸಿಡುಕಿದುದನ್ನು ಕಂಡು ಸಿಡುಕನೆಂದೂ, ಒಂದು ದಿನ ದಾನ ಮಾಡಿದುದನ್ನು ಕಂಡು ದಾನಿಯೆಂದೂ ಹೇಳುವವನು ಸ್ವಂತ ಅಭಿಪ್ರಾಯದ ಹೆಸರಿನಲ್ಲಿ ಸ್ವಂತ ಅವಸರವನ್ನು ಮಾರುತ್ತಿರುವನು. ಗುರುವು ಶಿಷ್ಯನನ್ನು ಪರೀಕ್ಷಿಸಿ ದೀಕ್ಷೆ ಕೊಡಬೇಕೆಂದು ಆಗಮಗಳು ವಿಧಿಸಿರುವುದು ಇದಕ್ಕಾಗಿಯೇ.

ಈ ಜಿಲ್ಲೆಯವರಾದ ನಮಗೆ ಇದಕ್ಕೆ ದೂರದ ದೃಷ್ಟಾಂತ ಬೇಕಾಗಿಲ್ಲ. 1930ರ ಜನವರಿಯಲ್ಲಿ ಸಿದ್ಧಗಂಗೆಯ ಉತ್ತರಾಧಿಕಾರಿಗಳಾಗಿದ್ದ ಮರುಳಾರಾಧ್ಯರು ಲಿಂಗೈಕ್ಯರಾದಾಗ ಉದ್ದಾನ ಶಿವಯೋಗಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ವೀರಾಪುರದ ಶಿವಣ್ಣ ಎಂಬ ತರುಣನನ್ನು ಆರಿಸಿದರು. ಇಂಗ್ಲಿಷ್ ಓದುವ ಹುಡುಗನಿಗೆ ವಿರಕ್ತಪೀಠವೇ ಎಂದು ಕೇಳುವವರಿಗೆ ಆ ಕಾಲದಲ್ಲಿ ಕೊರತೆಯಿರಲಾರದು. ಆದರೆ ಆ ತರುಣನು ಹಿಂದೆ ಕೆಲಕಾಲ ಮಠದಲ್ಲಿಯೇ ಇದ್ದು ಓದಿದವನು. ಉದ್ದಾನ ಶಿವಯೋಗಿಗಳಿಗೆ ಅವನು ಕೇಳಿದ ಹೆಸರಲ್ಲ, ಕಂಡ ಹುಡುಗ. 1930ರ ಮಾರ್ಚಿ 3ರಂದು ಆತನು ಶಿವಕುಮಾರ ಸ್ವಾಮಿಗಳಾದುದೂ, 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದುದೂ ನಿಮಗೆ ಗೊತ್ತೇ ಇರುವುದು. ಈ ಸಭೆಯಲ್ಲಿಯೂ ಆ ಅನ್ನವನ್ನು ಉಂಡವರಿರಬಹುದು.

ಇನ್ನೊಂದು ಕಡೆಯನ್ನು ಹೇಳದಿದ್ದರೆ ನನ್ನ ಮಾತು ಅರ್ಧವಾಗುವುದು. “ಚಾಡಿ ಕೇಳಬಾರದು, ಊರ ಮಾತು ನಂಬಬಾರದು” ಎಂಬುದನ್ನು ಕೆಲವರು ತಮಗೆ ಅನುಕೂಲವಾದ ಕಡೆಯಲ್ಲಿ ಮಾತ್ರ ಬಳಸುವರು. ಕೊಟ್ಟ ಮನೆಯಿಂದ ಮಗಳು ಬಂದು, “ಅಪ್ಪಾ, ಅವರು ನನ್ನನ್ನು ಹೊಡೆಯುವರು” ಎಂದಾಗ, “ಬೀಗರು ಅಂಥವರಲ್ಲವೆಂದು ಎಲ್ಲರೂ ಹೇಳುತ್ತಾರಮ್ಮ” ಎಂದು ತಂದೆಯಾದವನು ಆಕೆಯನ್ನು ಹಿಂದಕ್ಕೆ ಕಳುಹಿಸುವುದನ್ನು ಕಂಡಿರುವೆನು. ಇಲ್ಲಿ ಆಪ್ತರು ಯಾರು? ಬೀಗರ ಮನೆಯ ಜಗಲಿಯ ಮೇಲೆ ಒಂದು ದಿನ ಹಬ್ಬದೂಟ ಉಂಡು ಬಂದ ಹತ್ತು ಜನರೋ, ಆ ಮನೆಯೊಳಗೆ ಮೂರು ವರ್ಷ ಬಾಳಿದ ಈ ಒಬ್ಬಳೋ? ಭಾಷ್ಯಕಾರನು ಹೇಳಿದ ಲಕ್ಷಣವನ್ನು ಇಟ್ಟು ನೋಡಿರಿ. ಸಾಕ್ಷಾತ್ತಾಗಿ ಅರಿತವಳು ಆಕೆ. ಹತ್ತು ಜನರದು ಜನಪ್ರವಾದ, ಮಗಳದು ಪ್ರಮಾಣ. ಮನೆಯ ಮಾನ ಹೋಗುವುದೆಂಬ ಭಯದಿಂದ ಆ ಪ್ರಮಾಣವನ್ನು ಬಾಯಿ ಮುಚ್ಚಿಸುವವನು ಕೊನೆಗೆ ಕಳೆದುಕೊಳ್ಳುವುದು ಮಾನವನ್ನು ಮಾತ್ರವಲ್ಲ.

ಹಾಗೆಯೇ ಒಂದು ಗಂಡಿನ ವಿಷಯದಲ್ಲಿ ಕುಡಿತದ ಸುದ್ದಿ ಕಿವಿಗೆ ಬಿದ್ದರೆ, ಸುದ್ದಿಯಷ್ಟೇ ಎಂದು ತಳ್ಳಿ ಹೆಣ್ಣು ಕೊಡಬೇಕೆಂದು ನಾನು ಹೇಳುವವನಲ್ಲ. ಹೋಗಿರಿ. ಹೇಳದೆ ಒಂದು ಸಂಜೆ ಹೋಗಿರಿ, ಇನ್ನೊಂದು ಬೆಳಗ್ಗೆ ಹೋಗಿರಿ. ಅವನ ಹೊಲದಲ್ಲಿ ಕೂಲಿ ಮಾಡುವವರನ್ನು ಕೇಳಿರಿ, ಅವನಿಗೆ ಕೈಗಡ ಕೊಟ್ಟವರನ್ನು ಕೇಳಿರಿ. ಕೊನೆಗೆ ಅವನನ್ನೇ ಕೂರಿಸಿಕೊಂಡು ಕೇಳಿರಿ. ಹೇಳುವವರನ್ನು, “ನೀವು ಕಂಡಿರಾ?” ಎಂದು ಒಂದು ಮಾತು ಕೇಳಿದರೆ ಸಾಕು, ಅರ್ಧ ಜನ “ಇಲ್ಲಪ್ಪಾ, ಹಾಗಂತೆ” ಎಂದು ಎದ್ದು ಹೋಗುವರು. ಉಳಿದ ಅರ್ಧದ ಮಾತನ್ನು ಗೌರವದಿಂದ ಕೇಳಬೇಕು.

ಮಠಕ್ಕೆ ಬಂದು “ಅವರ ಮನೆ ಹೇಗೆ? ಇವರ ಹುಡುಗ ಹೇಗೆ?” ಎಂದು ನನ್ನನ್ನು ಕೇಳುವವರು ಈಗಲೂ ಉಂಟು. ನಾನು ಕಂಡಿದ್ದರೆ, ಇಂಥ ವರ್ಷ, ಇಂಥ ಸಂದರ್ಭದಲ್ಲಿ, ಇಷ್ಟನ್ನು ಕಂಡೆನೆಂದು ಹೇಳುವೆನು. ಕಾಣದಿದ್ದರೆ ಕಂಡವರ ಮನೆಯ ದಾರಿಯನ್ನು ತೋರಿಸುವೆನು. ಇದರಿಂದ ಕೆಲವರಿಗೆ ಬೇಸರವೂ ಆಗಿರುವುದು. ಶಾಸ್ತ್ರಿಗಳು ಬಾಯಿ ಬಿಡುವುದಿಲ್ಲವೆಂದು ಹೇಳಿಕೊಳ್ಳುವರಂತೆ. ‘ಅಂತೆ’ ಎಂದೇ ಹೇಳಬೇಕು, ನಾನಂತೂ ಕೇಳಿಲ್ಲ.

ಪೆಟ್ಟಿಗೆಯ ಹುಡುಗನ ವಿಷಯವನ್ನು ನಿಮ್ಮಲ್ಲಿ ಕೆಲವರು ಕಣ್ಣಿನಲ್ಲಿಯೇ ಕೇಳುತ್ತಿರುವಿರಿ. ಅವನಿಗೆ ತಡವಾಗಿ ಮದುವೆಯಾಯಿತು. ಹೆಣ್ಣಿನ ಅಣ್ಣನು ಅವನೊಂದಿಗೆ ಒಂದೇ ತೋಟದಲ್ಲಿ ಎರಡು ವರ್ಷ ಕೆಲಸ ಮಾಡಿದ್ದವನು.

ಪ್ರಸಾದದ ಹೊತ್ತಾಗುತ್ತಿದೆ, ಕುಣಿಗಲ್ಲಿ ಕಡೆಗೆ ಹಿಂದಿರುಗಬೇಕಾದವರೂ ಇಲ್ಲಿ ಅನೇಕರಿರುವಿರಿ. ಶ್ರೀಗಳವರ ಆಶೀರ್ವಚನಕ್ಕೆ ಅವಕಾಶವನ್ನು ಬಿಟ್ಟುಕೊಟ್ಟು, ನನ್ನ ಮಾತನ್ನು ಇಲ್ಲಿಗೆ ನಿಲ್ಲಿಸುವೆನು.